ದುರುಗವ್ವನ ಚಂಚಿಯೊಳಗಿನ ಚೀಟಿ

"ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎಂದು ಆ ಹೆಣ್ಣುದನಿ ಹನ್ನೊಂದನೆಯ ಸಲ ಹೇಳಿದಾಗ ಹೇಮಾಳಿಗೆ ಫೋನನ್ನು ಎತ್ತಿ ಹೊಳೆಗೆ ಎಸೆದುಬಿಡೋಣ ಅನ್ನಿಸಿತು. ಹೊಳೆ ದೂರವೇನಿಲ್ಲ. ಆನೆಗೊಂದಿಯ ಆ ತಗಡಿನ ಶೆಡ್ಡಿನಿಂದ ನಾಲ್ಕು ಹೆಜ್ಜೆ ಹಾಕಿದರೆ ಬಾಳೆತೋಟ, ತೋಟ ದಾಟಿದರೆ ತುಂಗಭದ್ರೆ. ಆದರೆ ಆರು ಜನ ಹೆಂಗಸರು ಬಾಳೆನಾರು ಸೀಳುವುದನ್ನು ಬಿಟ್ಟು ಅವಳ ಬಾಯನ್ನೇ ನೋಡುತ್ತ ಕುಳಿತಿದ್ದರು. ಹಾಗಾಗಿ ಫೋನು ಕಿವಿಯಲ್ಲೇ ಉಳಿಯಿತು.

ಕೊನೆಗೂ ಒಬ್ಬ ಮನುಷ್ಯ ಮಾತಾಡಿದ. ಹೆಸರು ಕೇಳಿದ, ಊರು ಕೇಳಿದ, ಪಿನ್‌ಕೋಡು ಕೇಳಿದ. ಹೇಮಾ ಎಲ್ಲ ಒಪ್ಪಿಸಿದಳು.

"ಮೇಡಂ, ನಿಮ್ಮ ಖಾತೆಯಲ್ಲಿರೋ ನಂಬರಿನಿಂದ ನೀವು ಕರೆ ಮಾಡ್ತಾ ಇಲ್ಲ."

"ಆ ನಂಬರ್ ಕಳ್ಳ ಬದಲ್ ಮಾಡ್ಯಾನ್ರಿ! ಅದನ್ನ ಹೇಳಾಕ ಆರು ದಿನದಿಂದ ಫೋನ್ ಹಚ್ಚಾಕತ್ತೀನಿ."

"ಸರಿ ಮೇಡಂ. ನೀವೇ ಖಾತೆದಾರರು ಅಂತ ಖಚಿತ ಮಾಡಿಕೊಳ್ಳೋಕೆ ಒಂದು ಓಟಿಪಿ ಕಳಿಸ್ತೀನಿ. ಓದಿ ಹೇಳಿ."

"ಯಾವ ನಂಬರಿಗೆ ಕಳಸ್ತೀರಿ?"

"ಈಗ ಖಾತೆಯಲ್ಲಿರೋ ನಂಬರಿಗೆ."

"ಅಂದ್ರ ಕಳ್ಳನ ಫೋನಿಗೆ?"

"ನಿಯಮ ಹಾಗಿದೆ ಮೇಡಂ. ಇನ್ನೇನಾದರೂ ಸಹಾಯ ಬೇಕಿತ್ತಾ?"

ಹೇಮಾ ಬಾಯಿಗೆ ಬಂದದ್ದನ್ನು ಅಂದಳು. ಅಷ್ಟರಲ್ಲಿ ಅವನು ಫೋನಿಟ್ಟಿದ್ದ. ಬೈಗುಳ ಶೆಡ್ಡಿನ ಹೆಂಗಸರಿಗೆ ಮಾತ್ರ ಕೇಳಿಸಿತು.

ಆದದ್ದು ಇಷ್ಟು. ಆನ್‌ಲೈನ್ ಅಂಗಡಿಯೊಂದು ಕೈಕಸುಬಿನವರಿಗೆ ಸ್ಪರ್ಧೆ ನಡೆಸಿತ್ತು. ಇವರ ಬಾಳೆನಾರಿನ ಚೀಲಕ್ಕೆ ಬಹುಮಾನ ಬಂತು. ಬಹುಮಾನವೆಂದರೆ ಕೈಗೆ ಸಿಗುವ ರೊಕ್ಕವಲ್ಲ, ಅದೇ ಅಂಗಡಿಯಲ್ಲಿ ಖರ್ಚು ಮಾಡಬೇಕಾದ ಹದಿನೆಂಟು ಸಾವಿರ, ಹೇಮಾಳ ಹೆಸರಿನ ಖಾತೆಯಲ್ಲಿ. ಏಳೂ ಜನಕ್ಕೆ ಬೇಕಾಗಿದ್ದದ್ದು ಒಂದೇ, ಮೋಟಾರಿನ ಹೊಲಿಗೆ ಮಷಿನ್ನು. ಚೀಲಕ್ಕೆ ಒಳಬಟ್ಟೆ, ಜಿಪ್ಪು ಹಾಕಿಸಲು ಗಂಗಾವತಿಯ ಟೇಲರನ ಮುಂದೆ ಕೈಕಟ್ಟಿ ನಿಂತು ಅವರಿಗೆ ಸಾಕಾಗಿತ್ತು. ಇವತ್ತು ಬಾ, ನಾಳೆ ಬಾ ಎಂದು ಆತ ಕುಣಿಸುತ್ತಿದ್ದ. ಮಷಿನ್ನು ಬಂದರೆ ಆ ಕುಣಿತ ನಿಲ್ಲುತ್ತಿತ್ತು. ಯಾವ ಮಷಿನ್ನು ತರಿಸಬೇಕೆಂದು ಮೂರು ವಾರ ಜಗಳಾಡಿದರು. ಸಣ್ಣವ್ವನಿಗೆ ಕಪ್ಪು ಬೇಕು, ಉಳಿದವರಿಗೆ ಬಿಳಿಯದು. ಬಣ್ಣದ ಜಗಳ ಮುಗಿಯುವುದರೊಳಗೆ ಖಾತೆಯೇ ಬರಿದಾಗಿತ್ತು.

ಖಾತೆ ಹೇಮಾಳ ಹೆಸರಿನಲ್ಲಿದ್ದರೂ ಅದರ ಪಾಸ್‌ವರ್ಡು ಅವಳ ಬಳಿ ಇರಲಿಲ್ಲ. ಇವರ ಸಂಘದ ಕಟ್ಟಳೆಯೇ ಹಾಗೆ. ಸಂಘದ ಕಬ್ಬಿಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿಕೈ ಇನ್ನೊಬ್ಬರ ಮನೆಯಲ್ಲಿ. ಹದಿನಾಲ್ಕು ವರ್ಷದಿಂದ ಕೀಲಿಕೈ ಇದ್ದದ್ದು ಎಲ್ಲರಿಗಿಂತ ಹಿರಿಯಳಾದ ದುರುಗವ್ವನ ಸೊಂಟದಲ್ಲಿ. ಆನ್‌ಲೈನ್ ಖಾತೆಗೂ ಅದೇ ಪದ್ಧತಿ ಮಾಡಿದರು. ಫೋನು ಹೇಮಾಳದು, ಪಾಸ್‌ವರ್ಡು ಬರೆದ ಚೀಟಿ ದುರುಗವ್ವನ ಎಲೆಯಡಿಕೆಯ ಚಂಚಿಯಲ್ಲಿ. ಇಬ್ಬರೂ ಕೂಡಿದರೆ ಮಾತ್ರ ತೆರೆಯಬೇಕು. ದುರುಗವ್ವನಿಗೆ ಓದಲು ಬರುವುದಿಲ್ಲ, ಅದೂ ಒಳ್ಳೆಯದೇ ಆಯಿತು ಎಂದು ಎಲ್ಲರೂ ನಕ್ಕಿದ್ದರು.

ಖಾತೆ ಬರಿದಾದ ಸುದ್ದಿ ಬಂದ ಮಧ್ಯಾಹ್ನ ಎಲ್ಲರ ಕಣ್ಣೂ ಆ ಚಂಚಿಯ ಮೇಲೆ ಹೋಯಿತು. ಚಂಚಿಯನ್ನು ದುರುಗವ್ವ ಹಿಂದಿನ ತಿಂಗಳು ಹನುಮನಹಳ್ಳಿಯ ಎಳನೀರಿನ ಅಂಗಡಿಯಲ್ಲಿ ಮರೆತು, ಸಂಜೆಗೆ ಹೋಗಿ ತಂದಿದ್ದಳು. ಅಂಜನಾದ್ರಿಗೆ ಎಲ್ಲೆಲ್ಲಿಂದಲೋ ಬರುವ ಮಂದಿ ಅಲ್ಲಿ ಕೂರುತ್ತಾರೆ. ಚೀಟಿಯನ್ನು ಯಾರೋ ನೋಡಿಕೊಂಡರು, ಮುಗಿಯಿತು ಲೆಕ್ಕ. ಸಣ್ಣವ್ವ ಕೈ ಚಾಚಿ ಕೀಲಿಕೈ ಕೇಳಿದಳು. ದುರುಗವ್ವ ಸೊಂಟದಿಂದ ಬಿಚ್ಚಿ ಕೊಟ್ಟಳು. ಉಂಡ ಮೇಲೆ ಅಡಿಕೆ ಕತ್ತರಿಸಿ ಎಲ್ಲರಿಗೂ ಎಲೆ ಮಡಚಿ ಕೊಡುತ್ತಿದ್ದವಳು ಅವಳು. ಮರುದಿನದಿಂದ ಯಾರೂ ಅವಳ ಮುಂದೆ ಕೈ ಚಾಚಲಿಲ್ಲ.

ಹೇಮಾಳಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ನೋಡಲಾಗದಿದ್ದರೂ ಅವಳು ಬಾಯಿ ಬಿಡಲಿಲ್ಲ. ಏಕೆಂದರೆ ಖಾತೆ ಬರಿದಾಗುವ ಹಿಂದಿನ ದಿನ ಅವಳಿಗೊಂದು ಫೋನು ಬಂದಿತ್ತು. "ಮೇಡಂ, ಅಭಿನಂದನೆಗಳು. ನಿಮ್ಮ ಬಹುಮಾನದ ಅವಧಿ ಇವತ್ತಿಗೆ ಮುಗೀತದೆ. ಮುಂದುವರಿಸೋಕೆ ಈಗ ಬಂದಿರೋ ನಂಬರ್ ಹೇಳಿ." ಅವಳನ್ನು ಅಲ್ಲಿಯವರೆಗೆ ಯಾರೂ ಮೇಡಂ ಅಂದಿರಲಿಲ್ಲ. ಆರಂಕಿಯನ್ನು ಶಾಲೆಯ ಹುಡುಗಿಯಂತೆ ಸ್ಪಷ್ಟವಾಗಿ ಓದಿ ಹೇಳಿದ್ದಳು. ನಾನು ಕೊಟ್ಟದ್ದು ಪೆಟ್ಟಿಗೆ ಮಾತ್ರ, ಕೀಲಿಕೈ ದುರುಗವ್ವನದೇ ಹೋಗಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅರ್ಧ ತಪ್ಪು ಅವಳದು, ಅರ್ಧ ನನ್ನದು. ಅರ್ಧ ತಪ್ಪನ್ನು ಹೇಳದಿದ್ದರೆ ಏನಾಯಿತು?

ಆನ್‌ಲೈನ್ ಅಂಗಡಿಯ ಕಂಪನಿಯವರು ಫೋನಿನಲ್ಲಿ ಕೈಚೆಲ್ಲಿದ ಮೇಲೆ ಬ್ಯಾಂಕಿಗೆ ಹೋದಳು. ನಿಮ್ಮ ಬ್ಯಾಂಕ್ ಖಾತೆಯಿಂದ ಏನೂ ಹೋಗಿಲ್ಲವಲ್ಲ, ಅದು ಅಂಗಡಿಯವರ ಬಹುಮಾನ, ಅವರನ್ನೇ ಕೇಳಿ ಅಂದರು. ಅಂಗಡಿಯವರನ್ನು ಕೇಳಿದರೆ ಅದು ರೊಕ್ಕವೇ ಅಲ್ಲ, ಪಾಯಿಂಟು ಅಂದರು. ಹೀಗೇ ಅಲೆಯುತ್ತ ಒಟ್ಟು ಹದಿನೈದು ದಿನ ಕಳೆದು ಹೇಮಾಳ ತಲೆ ಕೆಟ್ಟುಹೋಯಿತು. ಕೊನೆಗೆ ಗಂಗಾವತಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಶಾನವಾಜನ ಕಂಪ್ಯೂಟರ್ ಅಂಗಡಿಗೆ ಹೋಗಿ ಕುಳಿತಳು. ಪೊಲೀಸರ ಸೈಬರ್ ದೂರನ್ನು ಅವನೇ ತುಂಬತೊಡಗಿದ.

"ನಮ್ಮ ಪಾಸ್ವರ್ಡ್ ಚೀಟಿ ಯಾರೋ ನೋಡ್ಯಾರ್ರಿ" ಎಂದಳು ಹೇಮಾ.

"ಪಾಸ್ವರ್ಡ್ ಬೇಕಾಗಂಗಿಲ್ಲ ಅಕ್ಕಾರ. ಮರತೀನಿ ಅಂತ ಒತ್ತಿದ್ರ ಫೋನಿಗೆ ಓಟಿಪಿ ಬರ್ತೈತಿ. ಅದು ಸಿಕ್ಕರ ಹೊಸಾ ಪಾಸ್ವರ್ಡ್ ಕಳ್ಳನೇ ಹಾಕ್ಕೋತಾನ. ನಿಮ್ಮ ಚೀಟಿ ಇದ್ರೆಷ್ಟು, ಬಿಟ್ರೆಷ್ಟು?" ಅವನು ಪರದೆಯಿಂದ ಕಣ್ಣು ತೆಗೆಯದೆ ಕೇಳಿದ. "ಯಾರಿಗರ ಓಟಿಪಿ ಹೇಳೀರೇನು? ಇಲ್ಲಿ ಬರೀಬೇಕು."

ಅಂದರೆ ತಪ್ಪು ಅರ್ಧವಲ್ಲ, ಪೂರ್ತಿ ಹೇಮಾಳದೇ.

"ಇಲ್ಲ" ಎಂದಳು. ಶಾನವಾಜ "ಇಲ್ಲ" ಎಂದು ಒತ್ತಿದ. ಆಮೇಲೆ ಅವಳು ಎಂದೂ ತೆರೆಯದ ಇ-ಮೇಲನ್ನು ಅವನೇ ತೆರೆದು ನೋಡಿದ. ಕಳ್ಳ ಫೋನ್ ನಂಬರನ್ನು ಬದಲಿಸಿದ್ದರೂ ಇ-ಮೇಲನ್ನು ಮುಟ್ಟಿರಲಿಲ್ಲ. ಖರೀದಿಯ ರಸೀದಿ ಅಲ್ಲೇ ಬಿದ್ದಿತ್ತು. ಮನೆಯಲ್ಲಿ ಇಟ್ಟುಕೊಳ್ಳುವ ಹಿಟ್ಟಿನ ಗಿರಣಿ ಒಂದು. ತಲುಪಿಸಬೇಕಾದ ವಿಳಾಸ: ಗುಲ್ಶನ, ಯಲಬುರ್ಗಾ.

"ಸಿಕ್ಕಳು ಕಳ್ಳಿ!" ಎಂದು ಹೇಮಾ ಎದ್ದು ನಿಂತಳು. ಸಿಟ್ಟು ಬಂದದ್ದು ಅವಳಿಗೆ ಹಿತವಾಗಿತ್ತು. ಆ ಸಿಟ್ಟಿನಲ್ಲಿ ಉಳಿದದ್ದೆಲ್ಲ ಮರೆಯುವಂತಿತ್ತು.

ಯಲಬುರ್ಗಾಕ್ಕೆ ಹೋಗಲು ಯಾರೂ ಒಂದು ದಿನದ ಕೆಲಸ ಬಿಡಲು ತಯಾರಿರಲಿಲ್ಲ. ದುರುಗವ್ವ ಮಾತ್ರ ಸೆರಗು ಕೊಡವಿ ಎದ್ದಳು. "ನಾ ಬರ್ತೀನಿ. ಹೆಸರು ಹೋಗಿದ್ದು ನಂದು. ಆ ಮನಿ ಯಾವುದೈತಿ ನೋಡೇಬಿಡೂನು."

ಅವಳ ಜೊತೆ ಕೂತು ಹೋಗುವುದಕ್ಕಿಂತ ಒಬ್ಬಳೇ ನಡೆದುಹೋಗುವುದು ಹೇಮಾಳಿಗೆ ಸುಲಭವಿತ್ತು. ಆದರೆ ಬೇಡವೆನ್ನಲು ಯಾವ ಬಾಯಿ? ಕೊಪ್ಪಳದಲ್ಲಿ ಬಸ್ಸು ಬದಲಿಸಿದರು. ಕಂಡಕ್ಟರ್ ಆಧಾರ್ ಕಾರ್ಡಿನ ಫೋಟೋ ನೋಡಿದ, ಹೇಮಾಳ ಮುಖ ನೋಡಿದ, ಫ್ರೀ ಟಿಕೆಟು ಹರಿದುಕೊಟ್ಟ. ನಾನು ನಾನೇ ಎಂದು ಒಪ್ಪಿದ ಮೊದಲನೆಯ ಗಂಡಸು ಇವನು ಎಂದು ಹೇಮಾ ಹಲ್ಲು ಕಡಿದಳು. ಕುಕನೂರು ದಾಟುವವರೆಗೂ ಕಂಪನಿಯನ್ನು, ಬ್ಯಾಂಕನ್ನು, ಗುಲ್ಶನ ಎಂಬ ಕಂಡರಿಯದ ಹೆಂಗಸನ್ನು ಬೈಯುತ್ತಲೇ ಇದ್ದಳು. ದುರುಗವ್ವ ಕಿಟಕಿಯ ಆಚೆ ಜೋಳದ ಹೊಲ ನೋಡುತ್ತ ಕೂತಿದ್ದಳು. ಒಂದು ಸಲ ಮಾತ್ರ, "ಭಾಳ ಸಿಟ್ಟು ಮಾಡ್ಕೋಬ್ಯಾಡ, ಉಸುರು ಕಟ್ಟೀತು" ಎಂದಳು.

ಯಲಬುರ್ಗಾದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯ ಬಾಯಲ್ಲೇ ಗಿರಣಿಯ ಗುರ್ ಎನ್ನುವ ಸದ್ದು ಕೇಳಿಸಿತು. ಪಡಸಾಲೆಯಲ್ಲಿ ಮೂರು ಹೆಂಗಸರು ಜೋಳದ ಬುಟ್ಟಿ ಇಟ್ಟುಕೊಂಡು ಪಾಳಿ ಕಾಯುತ್ತಿದ್ದರು. ಹುಬ್ಬಿಗೆಲ್ಲ ಹಿಟ್ಟು ಹತ್ತಿದ ಒಬ್ಬಳು ಗಿರಣಿಯ ಮುಂದೆ ನಿಂತಿದ್ದಳು. ಅವಳೇ ಗುಲ್ಶನ. ಹೇಮಾ ಹೊಸ್ತಿಲಲ್ಲೇ ಶುರು ಮಾಡಿದಳು.

"ಏಳು ಮಂದಿ ದುಡದಿದ್ದನ್ನ ಹಿಂಗ ಬೀಸಿ ತಿನ್ನಾಕ ನಾಚಿಕಿ ಬರಂಗಿಲ್ಲೇನ ನಿನಗ?"

ಗುಲ್ಶನ ಸ್ವಿಚ್ಚು ಆರಿಸಿದಳು. ಅವಳಿಗೆ ಏನೂ ತಿಳಿಯಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ಹೇಮಾ ಶಾನವಾಜ ಮುದ್ರಿಸಿಕೊಟ್ಟಿದ್ದ ಖರೀದಿಯ ರಸೀದಿಯನ್ನು ಅವಳ ಮುಖಕ್ಕೆ ಹಿಡಿದು ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಗುಲ್ಶನ ಅಲ್ಲೇ ನೆಲಕ್ಕೆ ಕುಸಿದಳು.

"ಯಾ ಅಲ್ಲಾ! ನಾ ರೊಕ್ಕ ಕೊಟ್ಟೀನ್ರಿ ಅಕ್ಕಾರ. ಫೋನಿನ್ಯಾಗ ಒಂದು ವಿಡಿಯೋ ಬಂದಿತ್ತು, ಅರ್ಧ ರೇಟಿಗೆ ಗಿರಣಿ ಕೊಡ್ತೀವಂತ. ಕಿವಿಯೋಲಿ ಮಾರಿ ಅವನ ನಂಬರಿಗೆ ಹಾಕಿದೆ. ನೋಡ್ರಿ ಇಲ್ಲಿ." ಫೋನಿನಲ್ಲಿ ಎಲ್ಲ ಇತ್ತು. ಅವನ ನಂಬರು, ಅವನ ಮಾತು, ರೊಕ್ಕ ಹೋದ ಸಂದೇಶ. ಕಳ್ಳ ಇವಳ ರೊಕ್ಕವನ್ನು ಜೇಬಿಗಿಳಿಸಿ, ಗಿರಣಿಯನ್ನು ಹೇಮಾಳ ಖಾತೆಯಿಂದ ಕಳಿಸಿದ್ದ.

ಹೇಮಾಳ ಸಿಟ್ಟಿಗೆ ಹೋಗಲು ಜಾಗವೇ ಇಲ್ಲದಂತಾಯಿತು. ಇಷ್ಟು ದೂರ ಹೊತ್ತು ತಂದದ್ದನ್ನು ಇಳಿಸಲು ಕಡೆಗೂ ಒಬ್ಬ ಕಳ್ಳಿ ಸಿಗಲಿಲ್ಲ.

ಗುಲ್ಶನ ಮೆಲ್ಲಗೆ ಎದ್ದು, ಒಳಬಾಗಿಲ ಬಳಿ ಕುಳಿತು ಎಲ್ಲ ಕೇಳುತ್ತಿದ್ದ ಮುದುಕಿಯ ಕಡೆ ತಿರುಗಿದಳು. ಆಕೆ ಅವಳ ಅತ್ತೆ ನೂರಜಾನಬಿ. ಪಾಳಿ ಕಾಯುತ್ತಿದ್ದ ಮೂವರೂ ನೋಡುತ್ತಿದ್ದರು.

"ಅತ್ತೀ, ಅರ್ಧ ರೇಟಿಗೆ ಯಾರೂ ಕೊಡಂಗಿಲ್ಲ ಅಂತ ನೀವು ಹೇಳಿದ್ರಿ. ನಾ ಕೇಳಲಿಲ್ಲ. ತಪ್ಪು ನಂದೈತ್ರಿ."

ಅಷ್ಟೇ. ಹೇಳಿ ಮುಗಿಸಿ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. ಮುದುಕಿ ಹೂಂ ಅಂದಳು. ಮನೆ ಕುಸಿಯಲಿಲ್ಲ, ಯಾರೂ ಎದ್ದುಹೋಗಲಿಲ್ಲ. ಹೇಮಾಳಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು.

"ನಿಮ್ಮದು ಅಂದ್ರ ಒಯ್ರಿ ಅಕ್ಕಾರ" ಎಂದಳು ಗುಲ್ಶನ, ಗಿರಣಿಯ ಮೇಲೆ ಕೈಯಿಟ್ಟುಕೊಂಡು. ಆ ಕೈಯನ್ನು ತೆಗೆಯಲು ಅವಳಿಗೆ ಆಗುತ್ತಿರಲಿಲ್ಲ.

ಹೇಮಾ ಏನಾದರೂ ಅನ್ನುವ ಮೊದಲೇ ದುರುಗವ್ವ ಬಾಯಿ ತೆರೆದಳು. "ಒಯ್ದು ಏನ್ ಮಾಡೂನವ್ವ, ಬಾಳಿನಾರು ಬೀಸೂನೇನು? ಇಲ್ಲೇ ಇರ್ಲಿ. ಆ ಕಳ್ಳನ ನಂಬರ್ ಅಷ್ಟು ಕೊಡು, ಪೊಲೀಸರಿಗೆ ಕೊಡ್ತೀವಿ."

ಹೇಮಾ ನಂಬರಿನ ಫೋಟೋ ತೆಗೆದುಕೊಂಡಳು. ಹೊರಡುವಾಗ ಗುಲ್ಶನ ಬೇಡವೆಂದರೂ ಕೇಳದೆ ಒಂದು ಚೀಲ ಜೋಳದ ಹಿಟ್ಟನ್ನು ದುರುಗವ್ವನ ಕೈಗಿಟ್ಟಳು. ಹಿಟ್ಟು ಇನ್ನೂ ಬಿಸಿಯಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಕೊಪ್ಪಳದ ಬಸ್ಸಿಗೆ ಇನ್ನೂ ಹೊತ್ತಿತ್ತು. ದುರುಗವ್ವ ಚಂಚಿ ಬಿಚ್ಚಿ, ಅಡಿಕೆ ಕತ್ತರಿಸಿ, ಸುಣ್ಣ ಹಚ್ಚಿ ಒಂದು ಎಲೆ ಮಡಚಿದಳು. ಹೇಮಾಳ ಕಣ್ಣು ತುಂಬಿತು.

"ಯಕ್ಕಾ, ನಿನ್ನ ಚೀಟಿದು ಏನೂ ತಪ್ಪಿಲ್ಲ. ನಂಬರ್ ಹೇಳಿದಾಕಿ ನಾನ."

"ಗೊತ್ತೈತಿ."

ಹೇಮಾ ತಲೆಯೆತ್ತಿದಳು.

"ಆವತ್ತ ನಿನ್ನ ಬಾಜೂಕ ನಾರು ನೆನಸ್ಕೋತ ಕುಂತಿದ್ದೆ" ಎಂದಳು ದುರುಗವ್ವ. "ಐದು, ಎರಡು, ಸೊನ್ನಿ, ಒಂಬತ್ತು ಅಂತ ಓದಿದಿ. ನನಗ ಓದಾಕ ಬರಂಗಿಲ್ಲ. ಕೇಳಾಕ ಬರ್ತೈತಿ."

"ಮತ್ತ ಯಾಕ ಸುಮ್ನಿದ್ದಿ?"

"ನಾ ಹೇಳಿದ್ರ ಯಾರು ನಂಬ್ತಿದ್ರು? ತನ್ನ ತಪ್ಪು ಹುಡುಗಿ ಮ್ಯಾಲೆ ಹಾಕ್ತಾಳ ಮುದುಕಿ ಅಂತಿದ್ರು. ಅದು ನಿನ್ನ ಬಾಯಿಲಿಂದ ಬರಬೇಕಿತ್ತು. ಇವತ್ತ ಹೇಳ್ತಾಳ, ನಾಳೆ ಹೇಳ್ತಾಳ ಅಂತ ದಿನಾ ಕಾದೆ. ಹದಿನಾರು ದಿನ ಆತು. ಕಳ್ಳ ರೊಕ್ಕ ಒಯ್ದ. ನೀ ನನ್ನ ಹೆಸರು ಒಯ್ದಿ." ಅವಳ ದನಿ ಏರಲಿಲ್ಲ.

ಹೇಮಾ ಅವಳ ಕೈ ಹಿಡಿಯಲು ಹೋದಳು. ದುರುಗವ್ವ ಹಿಂದಕ್ಕೆಳೆದುಕೊಂಡಳು.

"ನನಗ ಹೇಳಿ ಏನ್ ಬಂತು? ಅವರಿಗೆ ಹೇಳು."

ಗುರುತಿಲ್ಲದವನಿಗೆ ಆರಂಕಿಯನ್ನು ಒಂದೇ ಉಸಿರಿಗೆ ಹೇಳಿದ್ದವಳಿಗೆ ಸಣ್ಣವ್ವನ ನಂಬರು ಹುಡುಕಲು ಐದು ನಿಮಿಷ ಹಿಡಿಯಿತು. ಫೋನು ಎತ್ತಿದೊಡನೆ ಸಣ್ಣವ್ವ ಕೇಳಿದ್ದು ಒಂದೇ, "ಸಿಕ್ಕಳೇನ ಕಳ್ಳಿ?"

"ಎಲ್ಲಾರಿಗೂ ಕೇಳೂವಂಗ ಸ್ಪೀಕರ್ ಮ್ಯಾಲೆ ಇಡು" ಎಂದಳು ಹೇಮಾ. ಆ ಕಡೆ ನಾರು ಸೀಳುವ ಸದ್ದು ನಿಂತಿತು. "ಕಳ್ಳಗ ನಂಬರ್ ಹೇಳಿದಾಕಿ ನಾನು. ದುರುಗವ್ವಕ್ಕನ ಚೀಟಿಂದ ಏನೂ ಆಗಿಲ್ಲ. ಮದ್ಲ ಗೊತ್ತಿದ್ರೂ ನಾ ಹೇಳಲಿಲ್ಲ. ಕೀಲಿಕೈ ಆಕೀಗೆ ತಿರುಗಿ ಕೊಡ್ರಿ."

ಹೇಮಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ದುರುಗವ್ವ ಮಡಚಿದ ಎಲೆಯನ್ನು ತಾನೂ ಹಾಕಿಕೊಳ್ಳದೆ, ಹೇಮಾಳಿಗೂ ಕೊಡದೆ, ಕೈಯಲ್ಲೇ ಹಿಡಿದು ಶೆಡ್ಡಿನವರ ಉತ್ತರ ಕಾಯುತ್ತ ಕುಳಿತಳು.