ಮಂಜಿಗೆಂದು ಹಾಕಿಸಿದ ದೀಪ

ಕಟ್ಟಬೆಟ್ಟಿನ ಸುತ್ತಲ ಹಟ್ಟಿಗಳಿಂದ ಟೀ ಎಲೆ ತುಂಬಿಕೊಂಡು ಫ್ಯಾಕ್ಟರಿಗೆ ಮುಟ್ಟಿಸುವ ಮುರಳೀಧರನ್‌ನ ಜೀಪಿಗೆ ಇಪ್ಪತ್ತಾರು ವರ್ಷ. ಇಂಜಿನ್ನು ಇನ್ನೂ ಗಟ್ಟಿ. ಆದರೆ ಮಂಜು ಇಳಿದರೆ ಅದರ ಹಳೆಯ ಫಾಗ್ ಲೈಟು ನಾಲ್ಕು ಮಾರು ದಾರಿ ತೋರಿಸಿದರೆ ಹೆಚ್ಚು. ನವೆಂಬರ್ ಮಳೆ ಹಿಡಿಯುವ ಮುಂಚೆ ಅವನು ಕೋತಗಿರಿಯ ಮೆಕ್ಯಾನಿಕ್ ಸುಧಾಕರನ್ ಹತ್ತಿರ ಹೋಗಿ ಎರಡು ಬಿಳಿ ಎಲ್‌ಇಡಿ ದೀಪ ಹಾಕಿಸಿಕೊಂಡ.

"ನೆಲ ನೋಡೋ ಹಾಗೆ ಕೂರಿಸಿದ್ದೀನಿ. ಎತ್ತಬೇಡ, ಎದುರಿನವರ ಕಣ್ಣು ಕುಕ್ಕುತ್ತೆ," ಎಂದಿದ್ದ ಸುಧಾಕರನ್.

ಮೂರನೆಯ ದಿನವೇ ಮುರಳೀಧರನ್ ಸ್ಪಾನರ್ ಹಿಡಿದು ದೀಪಗಳನ್ನು ಎರಡು ಬೆರಳು ಮೇಲಕ್ಕೆತ್ತಿದ. ತೆಳು ಮಂಜಿನಲ್ಲಿ ಬೆಳಕು ಮುಂದಿನ ತಿರುವಿನವರೆಗೂ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಎದುರು ಬಂದ ಕಾರುಗಳು ತಾವಾಗಿಯೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ಇಷ್ಟು ವರ್ಷ ಎಲ್ಲರಿಗೂ ದಾರಿ ಬಿಟ್ಟುಕೊಟ್ಟ ಹಳೇ ಜೀಪಿಗೆ ಈಗ ಜನ ದಾರಿ ಬಿಡುವುದು ಅವನಿಗೆ ಒಳಗೊಳಗೇ ಹಿತವೆನಿಸಿತ್ತು.

ಒಂದು ಗುರುವಾರ ಸಂಜೆ ನಾಲ್ಕರ ಹೊತ್ತು, ಮಂಜು ಇಳಿದಿತ್ತು. ಎಲೆ ಮೂಟೆ ಹೇರಿಕೊಂಡು ಇಳಿಯುವಾಗ ತಿರುವಿನಲ್ಲಿ ಒಂದು ಸ್ಕೂಟರು ಎದುರಾಯಿತು. ಓಡಿಸುತ್ತಿದ್ದವರು ಒಂದು ಕೈ ಎತ್ತಿ ಕಣ್ಣಿಗೆ ಅಡ್ಡ ಹಿಡಿದರು. ಸ್ಕೂಟರು ವಾಲಿತು. ಅಷ್ಟರಲ್ಲಿ ಜೀಪು ಮುಂದೆ ಬಂದಾಗಿತ್ತು. ಕನ್ನಡಿಯಲ್ಲಿ ಬರೀ ಮಂಜು. "ಹೋಗಿರ್ತಾರೆ," ಎಂದು ತನಗೆ ತಾನೇ ಹೇಳಿಕೊಂಡ. ಬ್ರೇಕಿನ ಮೇಲಿಟ್ಟ ಕಾಲನ್ನು ತೆಗೆದ.

ಎಲೆ ಇಳಿಸಿ ಬೇರೆ ದಾರಿಯಲ್ಲಿ ವಾಪಸು ಬಂದಾಗ ಹಟ್ಟಿಯ ಮುಂದೆ ಜನ ಸೇರಿದ್ದರು. ನಡುವೆ ಕುಳಿತಿದ್ದವಳು ಆರೋಗ್ಯ ಕೇಂದ್ರದ ನರ್ಸ್ ವಸಂತಾಮಣಿ. ಅವನ ಅಪ್ಪನ ಕಾಲಿನ ಹುಣ್ಣಿಗೆ ಮೂರು ತಿಂಗಳು ದಿನ ಬಿಡದೆ ಮನೆಗೇ ಬಂದು ಕಟ್ಟು ಕಟ್ಟಿದವಳು. ಅವಳ ಬಲ ಮಣಿಕಟ್ಟು ಊದಿಕೊಂಡು, ಸೀರೆಯ ತುಂಬ ಮಣ್ಣಾಗಿತ್ತು.

"ಯಾರೋ ಟೂರಿಸ್ಟ್ ಗಾಡಿಯವನು. ಮುಖಕ್ಕೆ ಬೆಳಕು ಹೊಡೆದು ಹೋಗೇಬಿಟ್ಟ," ಎಂದಳು ಅವಳ ತಂಗಿ ಸುಗನ್ಯಾ. "ಅಣ್ಣಾ, ಆಸ್ಪತ್ರೆಗೆ ಬಿಡು."

ಮುರಳೀಧರನ್ ಬಿಳಿ ದೀಪ ಆರಿಸಿದ. ಇಬ್ಬರನ್ನೂ ಹತ್ತಿಸಿಕೊಂಡ.

ಮಂಜು ದಟ್ಟವಾಗಿತ್ತು. ಅವನು ತಲೆ ಹೊರಹಾಕಿ ರಸ್ತೆಯಂಚು ನೋಡುತ್ತ ಜೀಪನ್ನು ತೆವಳಿಸಿಕೊಂಡು ಹೋದ.

"ಹೊಸ ಲೈಟು ಹಾಕಿಸಿದ್ದೀಯಲ್ಲ, ಹಾಕಣ್ಣ," ಎಂದಳು ಸುಗನ್ಯಾ.

ಅವನು ಸ್ವಿಚ್ಚು ಮುಟ್ಟಲಿಲ್ಲ. ಅದೇ ತಿರುವಿನಲ್ಲಿ, ಮುರಿದ ಟೀ ಗಿಡಗಳ ನಡುವೆ ಸ್ಕೂಟರು ಮಗುಚಿ ಬಿದ್ದಿತ್ತು. ಅವನಿಗೆ ಮುಂದೆ ಹೋಗಲಾಗಲಿಲ್ಲ. ಗಾಡಿ ನಿಲ್ಲಿಸಿದ.

"ಟೂರಿಸ್ಟ್ ಅಲ್ಲಕ್ಕ. ನಾನೇ. ದೀಪ ಎತ್ತಿದ್ದೆ."

ಸುಗನ್ಯಾ ಏನೋ ಹೇಳಲು ಹೋದಳು. ವಸಂತಾಮಣಿ ಎಡಗೈಯಿಂದ ಅವಳನ್ನು ತಡೆದಳು.

"ನಾನು ಅಂತ ಗೊತ್ತಾಯ್ತಾ?"

"ಇಲ್ಲಕ್ಕ, ಆಣೆಗೂ ಇಲ್ಲ. ಯಾರೋ ಅಂದುಕೊಂಡೆ."

"ಯಾರೋ ಆದ್ರೆ ನಿಲ್ಲಿಸಲ್ವಾ?"

ಅವನು ಬಿದ್ದಿದ್ದ ಸ್ಕೂಟರಿನತ್ತ ನೋಡಿದ. "ನಡಿ, ನೋಯ್ತಿದೆ," ಎಂದು ಅವಳು ಕಣ್ಣು ಮುಚ್ಚಿದಳು.

ಮೂಳೆ ಬಿರಿದಿತ್ತು; ಆರು ವಾರ ಪ್ಲಾಸ್ಟರು. ಮರುದಿನ ಮುರಳೀಧರನ್ ಸುಧಾಕರನ್ ಮುಂದೆ ನಿಂತು ಬಿಳಿ ದೀಪ ಬಿಚ್ಚಿಸಿ, ಹಳದಿಯದು ಹಾಕಿಸಿ, ಯಾರೂ ಎತ್ತದಂತೆ ಬೋಲ್ಟಿಗೆ ವೆಲ್ಡಿಂಗ್ ಮಾಡಿಸಿದ. ಎಲೆ ತೂಗುವ ಶೆಡ್ಡಿನಲ್ಲಿ ಎಲ್ಲರೆದುರು ತನ್ನ ತಪ್ಪು ಹೇಳಿಕೊಂಡ. "ಬೇಕೂಂತ ಮಾಡಿದ್ದಲ್ಲ ಬಿಡಪ್ಪ," ಎಂದರು ಅವರು. ಆ ಸಮಾಧಾನ ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಅವಳನ್ನು ಬೀಳಿಸಿದ್ದು ಬೇಕೂಂತ ಅಲ್ಲದಿರಬಹುದು, ಬ್ರೇಕಿನಿಂದ ಕಾಲು ತೆಗೆದದ್ದು ಹಾಗಲ್ಲವಲ್ಲ.

ವಸಂತಾಮಣಿಯ ಹಟ್ಟಿ ಸುತ್ತುವ ಕೆಲಸ ನಿಲ್ಲುವಂತಿರಲಿಲ್ಲ. ಅವನು ಪ್ರತಿ ಬೆಳಿಗ್ಗೆ ಅವಳ ಮನೆ ಮುಂದೆ ಜೀಪು ನಿಲ್ಲಿಸತೊಡಗಿದ. ಮೊದಲೆರಡು ದಿನ ಅವಳು ಬಸ್ಸಿಗೆ ಹೋದಳು. ಮೂರನೆಯ ದಿನ ಔಷಧಿ ಪೆಟ್ಟಿಗೆಯೊಂದಿಗೆ ಹಿಂದೆ, ಎಲೆ ಮೂಟೆಗಳ ಜಾಗದಲ್ಲಿ ಕುಳಿತಳು. ಇಳಿಯುವ ಹಟ್ಟಿಯ ಹೆಸರು ಬಿಟ್ಟರೆ ಬೇರೆ ಮಾತಿಲ್ಲ. ಅವನೂ ಕ್ಷಮೆ ಕೇಳಿ ಅವಳಿಗೆ ಕಷ್ಟ ಕೊಡಲಿಲ್ಲ.

ನಾಲ್ಕನೆಯ ವಾರ ಒಂದು ದಿನ ಅವಳು ಮುಂದಿನ ಬಾಗಿಲು ತೆಗೆದಳು.

"ಹಿಂದೆ ಬಹಳ ಕುಲುಕುತ್ತೆ," ಎಂದಳು, ಅವನ ಮುಖ ನೋಡದೆ.

ಅವನು ಸೀಟಿನ ಮೇಲಿದ್ದ ಖಾಲಿ ಚೀಲ ತೆಗೆದು, ಅಂಗೈಯಲ್ಲಿ ಧೂಳು ಒರೆಸಿ ಜಾಗ ಮಾಡಿಕೊಟ್ಟ.