ಕುಬಸದ ಸರ್ ನೋಡಿ ಕೊಡಿಸಿದ ಆಸಿಲೋಸ್ಕೋಪ್

ನಾನು ಒಂದು ಆಸಿಲೋಸ್ಕೋಪ್. ಹೆಸರು ಕೇಳಿ ಹೆದರಬೇಡಿ. ತಂತಿಯಲ್ಲಿ ಹರಿಯುವ ಕರೆಂಟು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದರ ಏರಿಳಿತವನ್ನು ಚಿಕ್ಕ ಪರದೆಯ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುವುದು ನನ್ನ ಕಸುಬು. ಹುಟ್ಟಿದ್ದು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಪರೀಕ್ಷಿಸಿದ ಹೆಂಗಸು, ಇದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ ಎಂದು ಮೆಚ್ಚಿ ಬೆನ್ನಿಗೆ ಚೀಟಿ ಅಂಟಿಸಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ನನಗಾಗ ಗೊತ್ತಿರಲಿಲ್ಲ.

ಗದಗಿನ ಒಂದು ಪಾಲಿಟೆಕ್ನಿಕ್ಕಿಗೆ ಬಂದೆ. ಅಲ್ಲಿ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದವರು ಕುಬಸದ ಸರ್. ಬೆಳಿಗ್ಗೆ ಬಂದವರೇ ತಮ್ಮ ಕನ್ನಡಕ ಒರೆಸಿ, ಅದೇ ಬಟ್ಟೆಯಿಂದ ನನ್ನ ಮುಖವನ್ನೂ ಒರೆಸುತ್ತಿದ್ದರು. ಹುಡುಗರು ನನ್ನ ಗುಂಡಿಗಳನ್ನು ಮನಬಂದಂತೆ ತಿರುವಿದರೆ ಬೆರಳಿಗೆ ಸ್ಕೇಲಿನಿಂದ ಏಟು ಬೀಳುತ್ತಿತ್ತು. ಅವರ ಮೊದಲ ಪಾಠ ಪ್ರತಿವರ್ಷವೂ ಒಂದೇ: ಸ್ಕೋಪನ್ನು ಆನ್ ಮಾಡಿ ಹೋಗಿ ಚಹಾ ಕುಡಿದು ಬನ್ನಿ, ಬಿಸಿಯಾದ ಮೇಲೆ ಅದು ಹೇಳಿದ್ದನ್ನು ಮಾತ್ರ ನಂಬಿ. ನಾನಂತೂ ಅವರನ್ನು ದೇವರಂತೆ ನಂಬಿದ್ದೆ.

ವಯಸ್ಸಾಗುತ್ತಾ ನನಗೊಂದು ರೋಗ ಅಂಟಿತು. ತಣ್ಣಗಿರುವಾಗ ಎಲ್ಲ ಸರಿ. ಮೈ ಕಾದ ಮೇಲೆ ಒಳಗಿನ ಟ್ರಾನ್ಸ್‌ಫಾರ್ಮರ್ ಕೈಕೊಟ್ಟು, ನೆಟ್ಟಗಿರಬೇಕಾದ ಗೆರೆ ತಾನಾಗಿಯೇ ನಡುಗುತ್ತಿತ್ತು. ಬದಲಿಸೋಣವೆಂದರೆ ಆ ಭಾಗ ತಯಾರಾಗುವುದೇ ನಿಂತಿತ್ತು. ರೋಗ ಕಂಡುಹಿಡಿದವರೂ ಕುಬಸದ ಸರ್ ಅವರೇ. ಅವರು ನಿವೃತ್ತರಾದ ಮೇಲೆ ಕಾಲೇಜು ನನ್ನನ್ನು ಹರಾಜಿಗಿಟ್ಟಿತು. ಹುಬ್ಬಳ್ಳಿಯ ಗುಜರಿ ವ್ಯಾಪಾರಿ ಪರಪ್ಪ ನನ್ನನ್ನು ತೂಕಕ್ಕೆ ಕೊಂಡು, ಬಣ್ಣ ಬಳಿದು, ಕಪಾಟಿನ ಮೇಲೆ ಕೂರಿಸಿದ.

ಅಲ್ಲಿಗೆ ಸುನಂದಾ ಪತ್ತಾರ ಬಂದಳು. ಗದಗಿನ ಪ್ರಿಂಟಿಂಗ್ ಪ್ರೆಸ್ಸುಗಳ ಯಂತ್ರಗಳಿಂದ ಬರುವ ಕೆಟ್ಟ ಸರ್ಕ್ಯೂಟ್ ಬೋರ್ಡುಗಳನ್ನು ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಸಂಬಳಕ್ಕಿದ್ದವಳು, ಈಗ ಸ್ವಂತ ಅಂಗಡಿ ಹಾಕಲು ಹೊರಟಿದ್ದಳು. ಹೊಸ ಸ್ಕೋಪು ಕೊಳ್ಳುವ ಶಕ್ತಿ ಇರಲಿಲ್ಲ. ಕೂಡಿಟ್ಟದ್ದೆಲ್ಲ ಈ ಒಂದು ಹಳೆಯ ಸಾಮಾನಿಗೇ ಹೋಗುತ್ತಿತ್ತು. ಇದು ತಪ್ಪಿದರೆ ಅಂಗಡಿಯೂ ಇಲ್ಲ. ಎತ್ತು ಕೊಳ್ಳಲಿ, ಹೆಣ್ಣು ನೋಡಲಿ, ತಿಳಿದ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ನಮ್ಮ ಕಡೆಯ ರೂಢಿ. ಅವಳೂ ತನಗೆ ಪಾಠ ಹೇಳಿದ ಕುಬಸದ ಸರ್ ಅವರನ್ನೇ ಕರೆತಂದಿದ್ದಳು.

ಅವರನ್ನು ಕಂಡು ನನಗೆ ಹೋದ ಜೀವ ಬಂದಂತಾಯಿತು. ಪರಪ್ಪ ನನ್ನನ್ನು ಆನ್ ಮಾಡಿದ. ಗೆರೆ ಕೋಲಿನಂತೆ ನೆಟ್ಟಗೆ ಮೂಡಿತು. ಚಹಾ ಕುಡಿದು ಬಂದು ಇನ್ನೊಮ್ಮೆ ನೋಡೋಣವೇ ಎಂದು ಸುನಂದಾ ಕೇಳಿದಳು. ಪಾಪ, ಪಾಠ ಮರೆತಿರಲಿಲ್ಲ. ಸರ್ ತಾವೇ ಕೈಚಾಚಿ ನನ್ನನ್ನು ಆಫ್ ಮಾಡಿಬಿಟ್ಟರು.

"ಸಾಕವ್ವ. ಇದು ನಾನ ಸಾಕಿದ ಸ್ಕೋಪ್. ಕಣ್ಮುಚ್ಚಿ ತಗೋ."

ಅವಳು ಹಾಗೆಯೇ ತೆಗೆದುಕೊಂಡಳು. ಆಟೋ ಕರೆಯಲು ಅವಳು ಹೊರಗೆ ಹೋದಾಗ ಪರಪ್ಪ, ಕುಬಸದ ಸರ್ ಅವರ ಕೈಗೆ ವ್ಯಾಪಾರದಲ್ಲಿ ಅವರ ಪಾಲನ್ನಿಟ್ಟ. ನನ್ನೆದುರಿಗೇ ಇಟ್ಟ. ನನಗೆ ಬಾಯಿದ್ದಿದ್ದರೆ ಅವತ್ತೇ ಉಗಿಯುತ್ತಿದ್ದೆ.

ಮದುವೆಯ ಕಾಲ. ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸೊಂದರಿಂದ, ಕಾಗದ ಕತ್ತರಿಸುವ ಯಂತ್ರದ ಬೋರ್ಡು ಅವಳ ಮೊದಲ ಕೆಲಸವಾಗಿ ಬಂತು. ದೋಷವಿದ್ದದ್ದು ಒಂದು ಸಣ್ಣ ಬೆಸುಗೆಯಲ್ಲಿ. ಆದರೆ ಅದನ್ನು ಹುಡುಕುವಷ್ಟರಲ್ಲಿ ನನ್ನ ಮೈ ಕಾದಿತ್ತು. ನನ್ನ ನಡುಕವನ್ನು ಅವಳು ಬೋರ್ಡಿನ ನಡುಕವೆಂದು ತಿಳಿದು, ಚೆನ್ನಾಗಿದ್ದ ಭಾಗಗಳನ್ನು ಒಂದೊಂದಾಗಿ ಕಿತ್ತು ಬದಲಿಸಿದಳು. ಕೊನೆಗೆ ಬೋರ್ಡೇ ಸುಟ್ಟುಹೋಯಿತು. ಪ್ರೆಸ್ಸಿನ ಮಾಲೀಕ ಬೀದಿಯಲ್ಲಿ ನಿಂತು ಕೂಗಾಡಿದ. ಸುದ್ದಿ ಪ್ರೆಸ್ಸಿನಿಂದ ಪ್ರೆಸ್ಸಿಗೆ ಹೋಯಿತು, ಮತ್ತೆ ಯಾರೂ ಅವಳ ಮೆಟ್ಟಿಲು ತುಳಿಯಲಿಲ್ಲ.

ಕೆಲಸವಿಲ್ಲದ ಒಂದು ಮಧ್ಯಾಹ್ನ ಅವಳು ನನಗೆ ಏನನ್ನೂ ಜೋಡಿಸದೆ, ಬರೀ ಆನ್ ಮಾಡಿ ನೋಡುತ್ತಾ ಕುಳಿತಳು. ಗೆರೆ ನಡುಗತೊಡಗಿತು. ನಡುಕ ಬೋರ್ಡಿನದಲ್ಲ, ನನ್ನದೇ ಎಂದು ಅವಳಿಗೆ ತಿಳಿಯಿತು. ಆದರೂ ತಾಯಿಯೆದುರು, ಸರ್‌ಗೆ ವಯಸ್ಸಾಗಿದೆ, ಗಮನಿಸಿರಲಿಕ್ಕಿಲ್ಲ ಎಂದು ಅವರ ಪರವಾಗಿಯೇ ಮಾತಾಡಿದಳು.

ಅಂಗಡಿ ಖಾಲಿ ಮಾಡುವ ಹೊತ್ತಿಗೆ ಸರ್ ಬಂದರು. ಕೊಪ್ಪಳದ ಹುಡುಗನೊಬ್ಬ ಹಳೆಯ ಸ್ಕೋಪು ಹುಡುಕುತ್ತಿದ್ದಾನೆ, ಪರಪ್ಪ ಅರ್ಧ ಬೆಲೆಗೆ ವಾಪಸು ತೆಗೆದುಕೊಳ್ಳುತ್ತಾನೆ ಎಂದರು. ಆ ಅರ್ಧ ಸಿಕ್ಕರೆ ಅಂಗಡಿ ಇನ್ನೂ ಕೆಲವು ತಿಂಗಳು ಉಸಿರಾಡುತ್ತಿತ್ತು. ಸುನಂದಾಳ ಮುಖ ಅರಳಿತು. ಹಗ್ಗ ತಂದು ನನ್ನನ್ನು ಕಟ್ಟತೊಡಗಿದಳು. ಕಟ್ಟುತ್ತಲೇ ಕೇಳಿದಳು.

"ಆ ಹುಡುಗನ ಜೋಡಿ ನೋಡಾಕ ಯಾರು ಬರ್ತಾರ್ರೀ ಸರ್?"

ಸರ್ ಬಾಗಿಲ ಕಡೆ ನೋಡಿದರು. "ನನ್ನನ್ನ ಕರದಾನವ್ವ. ಅವನೂ ನನ್ನ ಹತ್ರಾನ ಕಲತವ."

ಅವಳ ಕೈ ನಿಂತಿತು. ಹಗ್ಗ ಬಿಚ್ಚಿದಳು. ನನ್ನನ್ನು ತಿರುಗಿಸಿ ಬೆನ್ನಿನ ಸ್ಕ್ರೂಗಳನ್ನು ತೆಗೆದಳು. ನನ್ನ ಪರದೆಯ ಗಾಜಿನ ಕೊಳವೆಯಿಂದ ಕಾರ್ಖಾನೆಯಲ್ಲೇ ಗಾಳಿಯನ್ನೆಲ್ಲ ಹೀರಿ ತೆಗೆದು, ಹಿಂದುಗಡೆ ಒಂದು ಗಾಜಿನ ಮೊನೆಯಲ್ಲಿ ಮುಚ್ಚಿರುತ್ತಾರೆ. ಆ ಮೊನೆಯನ್ನು ಇಕ್ಕಳದಲ್ಲಿ ಹಿಡಿದು ಚಿವುಟಿದಳು. ಉಸ್ಸೆಂದು ಗಾಳಿ ಒಳನುಗ್ಗಿತು. ಇನ್ನು ನನ್ನ ಪರದೆಯ ಮೇಲೆ ಯಾವ ಗೆರೆಯೂ ಮೂಡಲಾರದು.

"ಈಗ ಒಯ್ರೀ ಸರ್," ಎಂದಳು. ಸರ್ ಬರಿಗೈಯಲ್ಲಿ ಎದ್ದು ಹೋದರು.

ಸುನಂದಾ ಈಗ ಮತ್ತೆ ಹಳೆಯ ಅಂಗಡಿಯಲ್ಲಿ ಸಂಬಳಕ್ಕಿದ್ದಾಳೆ. ನಾನು ಅವಳ ಮನೆಯ ಅಟ್ಟದ ಮೇಲೆ, ತೂತುಬಿದ್ದ ಕೊಡದ ಪಕ್ಕದಲ್ಲಿದ್ದೇನೆ. ನನ್ನನ್ನು ಕುರುಡು ಮಾಡಿದಳೆಂದು ಅವಳ ಮೇಲೆ ಸಿಟ್ಟಿಲ್ಲ. ನನ್ನಿಂದ ಇನ್ನೊಂದು ಸುಳ್ಳು ಹೇಳಿಸದೆ ಉಳಿಸಿದವಳು ಅವಳೊಬ್ಬಳೇ. ಸರ್ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ನಾನು ಸುಳ್ಳು ಹೇಳಿದ್ದು ಒಳಗಿನ ಟ್ರಾನ್ಸ್‌ಫಾರ್ಮರ್ ಕೆಟ್ಟು. ಅವರಿಗೇನಾಗಿತ್ತು? ತಿಂಗಳು ತಿಂಗಳು ಪಿಂಚಣಿ ಬರುತ್ತಿತ್ತು.