ಎರಡು ಪುಟ್ಟ ಗೀಟು

ನಮ್ಮತ್ತೆ ಮಾತಿನಲ್ಲಿ ಮಹಾ ಜಿಪುಣಿ. ಅಡುಗೆ ಏನು ಮಾಡಲಿ ಎಂದರೆ ‘ಅದೇ’. ಮೈ ಹೇಗಿದೆ ಎಂದರೆ ‘ಅದೇ’. ನಿನ್ನೆಯದೇ ಅಡುಗೆ, ನಿನ್ನೆಯದೇ ಮಂಡಿನೋವು ಎಂದು ನಾವೇ ಅರ್ಥ ಮಾಡಿಕೊಳ್ಳಬೇಕು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಅಂಥವರು ಇವತ್ತು ಬೆಳಿಗ್ಗೆ ಜ್ವರ ನೆತ್ತಿಗೇರಿ, ಆ ಒಂದು ಮಾತೂ ಇಲ್ಲದೆ ಮಲಗಿಬಿಟ್ಟರು. ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆತಂದೆ. ಅವರೂ ಇಲ್ಲಿಯ ದಾಖಲೆ ವಿಭಾಗದಲ್ಲೇ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಅವರ ಕಾಲದ ರೋಗಿಗಳ, ಸಿಬ್ಬಂದಿಯ ಆರೋಗ್ಯದ ಫೈಲುಗಳನ್ನು ಹೊಸ ಕಂಪ್ಯೂಟರುಗಳಿಗೆ ಅರ್ಥವಾಗುವಂತೆ ಎಕ್ಸ್‌ಎಂಎಲ್‌ ಎಂಬ ರೂಪಕ್ಕೆ ಬದಲಾಯಿಸಿದವಳು ನಾನು. ಒಂದು ಪುಟದಷ್ಟು ಪ್ರೋಗ್ರಾಂ, ಅಷ್ಟೇ. ನಿನ್ನೆಯಿಂದ ಎಲ್ಲ ವಾರ್ಡುಗಳಲ್ಲೂ ಹೊಸ ಕಂಪ್ಯೂಟರ್ ಪರದೆ. ನಿನ್ನೆಯಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ.

“ಸೋಂಕು ರಕ್ತಕ್ಕಿಳಿದಿದೆ, ತಡ ಮಾಡೋ ಹಾಗಿಲ್ಲ,” ಎಂದರು ಡಾಕ್ಟರು. “ಪೆನಿಸಿಲಿನ್ ಕೊಡ್ತೀನಿ. ಅಲರ್ಜಿ ಏನಾದ್ರೂ ಇದ್ಯಾ?”

ನನಗೆ ಗೊತ್ತಿರಲಿಲ್ಲ. ಗಂಡನಿಗೆ ಫೋನ್ ಮಾಡಿದರೆ, “ಅಮ್ಮ ಯಾವತ್ತು ಬಾಯಿ ಬಿಟ್ಟು ಹೇಳಿದಾರೆ?” ಎಂದರು.

ನರ್ಸ್ ಪರದೆ ನೋಡಿದಳು. “ಅಲರ್ಜಿ ಜಾಗ ಖಾಲಿ ಇದೆ ಡಾಕ್ಟ್ರೇ. ಏನೂ ಇಲ್ಲ.”

ನನ್ನ ಕೆಲಸ ನಮ್ಮತ್ತೆಗೇ ಉಪಯೋಗಕ್ಕೆ ಬಂತಲ್ಲ ಎಂದು ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಇನ್ನೊಬ್ಬ ನರ್ಸ್ ಸಿರಿಂಜಿಗೆ ಔಷಧ ಎಳೆಯತೊಡಗಿದಳು. ಮೊದಲಿನವಳು ದಾಖಲಾತಿ ಹಾಳೆ ಹಿಡಿದು ಮನೆ ವಿಳಾಸ ಬರೆದುಕೊಂಡಳು.

“ಕಾಯಂ ವಿಳಾಸ?”

“ಅದೇ,” ಎಂದೆ.

ಅವಳು ಕೆಳಗಿನ ಸಾಲಿನಲ್ಲಿ ಎರಡು ಪುಟ್ಟ ಗೀಟು ಎಳೆದಳು. ಮೇಲಿನಂತೆ ಎಂದು ಅರ್ಥ.

ನಾನು ಬಗ್ಗಿ ಆ ಗೀಟುಗಳನ್ನೇ ನೋಡಿದೆ. ಹಳೆಯ ಫೈಲಿನ ತುಂಬ ಅವೇ ಗೀಟುಗಳಿದ್ದವು. ಎಕ್ಸ್‌ಎಂಎಲ್‌ನಲ್ಲಿ ನಾನು ಪ್ರತಿಯೊಂದು ಮಾಹಿತಿಯನ್ನೂ ಉದ್ಧರಣ ಚಿಹ್ನೆಗಳ ನಡುವೆ ಕೂರಿಸಿದ್ದೆ; ಕೀಲಿಮಣೆಯಲ್ಲಿ ಅದಕ್ಕೂ ಈ ಗೀಟಿಗೂ ಒಂದೇ ಗುಂಡಿ. ಒಳಗೆ ಇನ್ನೊಂದು ನುಸುಳಿದರೆ ಇಡೀ ಫೈಲು ಮುಷ್ಕರ ಹೂಡುತ್ತಿತ್ತು. ಯಾರೋ ಕೈತಪ್ಪಿ ಒತ್ತಿದ್ದಾರೆ ಎಂದುಕೊಂಡು ಎಲ್ಲವನ್ನೂ ಅಳಿಸುವ ಒಂದು ಸಾಲು ಬರೆದಿದ್ದೆ. ಬಹಳ ಜನಕ್ಕೆ ಅಲರ್ಜಿ ಇರುವುದಿಲ್ಲ, ಹಾಗಾಗಿ ಖಾಲಿ ಜಾಗ ಯಾರ ಕಣ್ಣಿಗೂ ಚುಚ್ಚಲಿಲ್ಲ. ಯಾರೋ ಅಂತೆ! ಟೈಪ್ ಮಾಡಿದ್ದು ನಮ್ಮತ್ತೆ.

“ಚುಚ್ಚಬೇಡಿ!”

ಇಡೀ ವಾರ್ಡು ತಿರುಗಿ ನೋಡಿತು.

“ಏನ್ರೀ ಇದು?” ಡಾಕ್ಟರು ರೇಗಿದರು.

“ಖಾಲಿ ಅಂದ್ರೆ ಇಲ್ಲ ಅಂತಲ್ಲ ಡಾಕ್ಟ್ರೇ. ಅಲ್ಲಿದ್ದಿದ್ದನ್ನ ನಾನೇ ಅಳಿಸಿದೀನಿ. ಹಳೇ ಫೈಲು ಮೇಲಿನ ಮಹಡೀಲಿ ನನ್ನ ಕಂಪ್ಯೂಟರಲ್ಲಿದೆ, ನೋಡ್ತೀನಿ. ಅಲ್ಲೀವರೆಗೆ ಬೇರೆ ಏನಾದ್ರೂ ಕೊಡಿ.”

“ಬೇರೇದಕ್ಕೂ ಅಲರ್ಜಿ ಇದ್ರೆ? ಓಡಿ, ಬೇಗ!”

ಬಿದ್ದೆನೋ ಎದ್ದೆನೋ ಎಂದು ಮೆಟ್ಟಿಲು ಹತ್ತಿದೆ. ಹಳೆಯ ಫೈಲು ತೆರೆದು ಅತ್ತೆಯ ಹೆಸರು ಹುಡುಕಿದೆ. ಎದುರಿಗೆ ಎರಡು ಗೀಟು. ಮೇಲಿನ ಸಾಲಿನಲ್ಲೂ ಗೀಟು. ಅದರ ಮೇಲೂ. ಒಂದೇ ಅಲರ್ಜಿಯವರ ಚೀಟಿಗಳನ್ನು ಒಂದು ಗುಡ್ಡೆ, ಏನೂ ಇಲ್ಲದವರದು ಇನ್ನೊಂದು ಗುಡ್ಡೆ ಮಾಡಿಕೊಂಡು, ಪ್ರತಿ ಗುಡ್ಡೆಯ ಮೊದಲನೆಯವರಿಗೆ ಮಾತ್ರ ಪೂರ್ತಿ ಟೈಪ್ ಮಾಡಿದ್ದರು ಪುಣ್ಯಾತ್ಗಿತ್ತಿ. ಇವರು ಯಾವ ಗುಡ್ಡೆ? ಗೀಟು, ಗೀಟು, ಗೀಟು. ಪರದೆ ಮೇಲಕ್ಕೆ ಸರಿಯುತ್ತಲೇ ಇತ್ತು. ದೇವರೇ, ‘ಇಲ್ಲ’ ಎಂದಿರಲಿ ಎಂದು ಬೇಡಿಕೊಂಡೆ.

ಪೆನಿಸಿಲಿನ್ ಎಂದಿತ್ತು.

ಅವಸರದಲ್ಲಿ ವಾರ್ಡಿನ ನಂಬರು ತಪ್ಪಿತು. ಮತ್ತೆ ಒತ್ತಿದೆ. “ಪೆನಿಸಿಲಿನ್ನೇ ಡಾಕ್ಟ್ರೇ! ಅದೊಂದು ಬೇಡ!”

“ಸರಿ, ಬೇರೆ ಹಾಕ್ತೀನಿ,” ಎಂದು ಫೋನಿಟ್ಟರು.

ಕೂಡಲೇ ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿ, ಎಲ್ಲ ಪರದೆಗಳನ್ನೂ ನಿಲ್ಲಿಸಿ ಎಂದೆ.

“ನಿನ್ನೆ ತಾನೇ ಶುರು ಮಾಡಿದ್ದು. ಮರ್ಯಾದೆ ಹೋಗುತ್ತಮ್ಮ!”

“ನಂದೇ ಹೋಗ್ಲಿ ಸಾರ್. ಮೊದ್ಲು ನಿಲ್ಲಿಸಿ.”

ಸಂಜೆ ಜ್ವರ ಇಳಿಯಿತು. ಅತ್ತೆ ಕಣ್ಣು ಬಿಟ್ಟಾಗ ಸಿಟ್ಟೂ ಅಳುವೂ ಒಟ್ಟಿಗೇ ಉಕ್ಕಿ ಬಂದವು.

“ಪೂರ್ತಿ ಟೈಪ್ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ?”

“ಮೇಲೆ ಬರೆದಿದ್ನಲ್ಲ,” ಎಂದರು ಕ್ಷೀಣವಾಗಿ. “ನೋಡ್ಬೇಕಿತ್ತು.”

ಅವರ ಕೈ ಹಿಡಿದುಕೊಂಡೆ. “ನಂಗೆ ಎಷ್ಟು ಭಯ ಆಯ್ತು ಗೊತ್ತಾ?”

“ನಂಗೂ ಅದೇ.”

“ಪೂರ್ತಿ ಹೇಳಿ ಅತ್ತೆ.”

ಅವರ ತುಟಿ ಒಣಗಿತ್ತು, ಒಂದು ಗುಟುಕು ನೀರು ಕುಡಿಸಿದೆ.

“ನಂಗೂ ತುಂಬಾ ಭಯ ಆಯ್ತು ಮಗಳೇ,” ಎಂದರು.